ಮನೆಯೂ ಎಂಜಿನ್ನೂ ಬೇರೆ ಬೇರೆ ಇರಲಿ

ಅಮೆರಿಕದಲ್ಲಿ ನೆಲೆಸಿ, ನಿವೃತ್ತಿಯ ಬದುಕನ್ನು ಚಕ್ರದ ಮೇಲೆ ಸಾಗಿಸಲು ಹೊರಟಿರುವ ಚಿಕ್ಕಬಳ್ಳಾಪುರ ಸೀಮೆಯವರಿಗೆ ಒಂದು ಬಹಿರಂಗ ಪತ್ರ

ಸಾದಲಿ, ಶಿಡ್ಲಘಟ್ಟ ತಾಲ್ಲೂಕು

ಆತ್ಮೀಯರೇ,

ಸಾದಲಿ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಕಡೆಯಿಂದ ಓದು ಮುಗಿಸಿ, ಕೆಲಸ ಹಿಡಿದು ಅಮೆರಿಕಕ್ಕೆ ಹೋದ ನಿಮ್ಮ ಪೈಕಿ ಬಹಳ ಮಂದಿ ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದೀರಿ. 1965ರ ವಲಸೆ ಕಾಯ್ದೆ ಬಾಗಿಲು ತೆರೆದ ಮೇಲೆ ಹೋದ ಮೊದಲ ತಲೆಮಾರು ಕೆಲಸ ಬಿಟ್ಟು ವರ್ಷಗಳೇ ಆದವು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ ಎಂದರೆ ಲೆಕ್ಕ ಸಿಗುತ್ತದೆ. 2000ದ ಆಸುಪಾಸಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ವಿಮಾನ ಹತ್ತಿದವರಲ್ಲೂ ಅನೇಕರಿಗೆ ಐವತ್ತು ದಾಟಿದೆ. ಮಕ್ಕಳು ಬೇರೆ ಊರು ಸೇರಿದ್ದಾರೆ. ದೊಡ್ಡ ಮನೆಯ ತೆರಿಗೆ, ರಿಪೇರಿ, ಅಂಗಳದ ಹುಲ್ಲು ಕತ್ತರಿಸುವ ಖರ್ಚು ಮಾತ್ರ ನಿಂತಿಲ್ಲ. ಆ ಮನೆ ಮಾರಿ, ಚಕ್ರದ ಮೇಲಿನ ಮನೆಯೊಂದನ್ನು ಕೊಂಡು, ವರ್ಷದ ಏಳೆಂಟು ತಿಂಗಳು ಆ ದೇಶ ನೋಡುತ್ತ ಬದುಕಿ, ಉಳಿದ ತಿಂಗಳು ಊರಿಗೆ ಬಂದಿರೋಣ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿದ್ದೀರಿ. ಒಳ್ಳೆಯ ಯೋಚನೆ. ಆದರೆ ಹಣ ಕೊಡುವ ಮುಂಚೆ ಒಂದು ಪ್ರಶ್ನೆ ಇತ್ಯರ್ಥವಾಗಬೇಕು: ಕೊಳ್ಳಬೇಕಾದ್ದು ಮೋಟಾರ್‌ಹೋಮೋ, ಫಿಫ್ತ್ ವೀಲೋ? ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರವಾಸಕ್ಕೆ ಯಾವುದಾದರೂ ನಡೆದೀತು. ಆದರೆ ಪೂರ್ತಿ ಬದುಕನ್ನೇ ಚಕ್ರದ ಮೇಲೆ ಸಾಗಿಸುವವರು, ಅದರಲ್ಲೂ ಎರಡು ದೇಶಗಳ ನಡುವೆ ಓಡಾಡುವವರು, ಮನೆಯನ್ನೂ ಎಂಜಿನ್ನನ್ನೂ ಒಂದೇ ಚಾಸಿಗೆ ಕಟ್ಟಬಾರದು.

ಈ ಪತ್ರವನ್ನು ಊರಿನಲ್ಲಿರುವ ನಿಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರೂ ಓದುತ್ತಾರೆ. ಅವರಿಗಾಗಿ ಈ ಎರಡು ಗಾಡಿಗಳ ರಚನೆಯನ್ನು ಚುಟುಕಾಗಿ ಹೇಳಬೇಕು. ಮೋಟಾರ್‌ಹೋಮ್ ಎಂದರೆ ಬಸ್ಸು, ವ್ಯಾನು ಅಥವಾ ಲಾರಿಯ ಚಾಸಿಯ ಮೇಲೇ ಕಟ್ಟಿದ ಮನೆ. ಅಡುಗೆಮನೆ, ಮಂಚ, ಶೌಚಾಲಯ, ಸ್ಟೀರಿಂಗು ಎಲ್ಲವೂ ಒಂದೇ ಡಬ್ಬಿಯೊಳಗೆ. ಬಸ್ಸಿನಷ್ಟು ದೊಡ್ಡದಾದರೆ ಕ್ಲಾಸ್ ಎ, ಸ್ಪ್ರಿಂಟರ್‌ನಂಥ ವ್ಯಾನಿನೊಳಗೇ ಕಟ್ಟಿದ್ದು ಕ್ಲಾಸ್ ಬಿ, ವ್ಯಾನಿನ ಮೂತಿ ಇಟ್ಟುಕೊಂಡು ಹಿಂದೆ ಅಗಲವಾದ ಮನೆ ಕಟ್ಟಿದರೆ ಕ್ಲಾಸ್ ಸಿ. ಫಿಫ್ತ್ ವೀಲ್‌ಗೆ ಸ್ವಂತ ಎಂಜಿನ್ ಇಲ್ಲ. ಅದು ಪಿಕಪ್ ಟ್ರಕ್ ಎಳೆಯುವ ಟ್ರೇಲರ್ ಮನೆ. ಸಾಮಾನ್ಯ ಟ್ರೇಲರನ್ನು ಟ್ರಕ್ಕಿನ ಹಿಂದಿನ ಬಂಪರಿನ ಕೆಳಗೆ ಸಿಕ್ಕಿಸುತ್ತಾರೆ. ಇದರ ಮೂತಿ ಮಾತ್ರ ಟ್ರಕ್ಕಿನ ತೊಟ್ಟಿಯ ಮೇಲೆ ಚಾಚಿಕೊಂಡು, ಹಿಂದಿನ ಆಕ್ಸಲ್ಲಿನ ನೇರಕ್ಕೆ ಕೂರಿಸಿದ ಹಿಚ್ ಎಂಬ ಕೊಂಡಿಯಲ್ಲಿ ಕಿಂಗ್‌ಪಿನ್ ಎಂಬ ಗೂಟದ ಮೂಲಕ ಕೂರುತ್ತದೆ. ಭಾರ ಆಕ್ಸಲ್ಲಿನ ಮೇಲೇ ಬೀಳುವುದರಿಂದ ಬಂಪರಿಗೆ ಕಟ್ಟಿದ ಟ್ರೇಲರಿನಷ್ಟು ಇದು ಹಿಂದೆ ಬಾಲ ಆಡಿಸುವುದಿಲ್ಲ. ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ಓಡುವ ಕಂಟೇನರ್ ಟ್ರೇಲರುಗಳ ಜೋಡಣೆಯೂ ಇದೇ. ಎಂಜಿನ್ ಬೇರೆ, ಗಾಡಿ ಬೇರೆ ಎಂಬುದು ನಮ್ಮ ಹಳ್ಳಿಗಳ ಟ್ರ್ಯಾಕ್ಟರು ಟ್ರಾಲಿಯ ತತ್ವವೂ ಹೌದು: ಗೊಬ್ಬರ ತುಂಬಿದ ಟ್ರಾಲಿಯನ್ನು ಹೊಲದ ಬದಿಯಲ್ಲಿ ಬಿಟ್ಟು ಟ್ರ್ಯಾಕ್ಟರು ಉಳುಮೆಗೆ ಹೋಗುತ್ತದೆ, ಎಂಜಿನ್ ಕೆಟ್ಟರೆ ಪಕ್ಕದ ಮನೆಯವರ ಟ್ರ್ಯಾಕ್ಟರು ಬಂದು ಟ್ರಾಲಿ ಎಳೆಯುತ್ತದೆ. ಮುಂದಿನ ವಾದವೆಲ್ಲ ಈ ಒಂದು ಅನುಕೂಲದ ಸುತ್ತಲೇ ಇದೆ.

ಚಕ್ರದ ಮನೆ ಎಂದ ಕೂಡಲೇ ಕಣ್ಣಿಗೆ ಕಟ್ಟುವುದು ಓಡುವ ಗಾಡಿ. ಪೂರ್ಣಾವಧಿ ಬದುಕಿನಲ್ಲಿ ಅದು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ವಾರಕ್ಕೊಮ್ಮೆ ನೂರೈವತ್ತು ಮೈಲಿ ಹೋದರೆ ಮೂರು ತಾಸಿನ ಚಾಲನೆ. ವಾರದ 168 ತಾಸಿನಲ್ಲಿ ಉಳಿದ 165 ತಾಸು ಅದು ಬರೀ ಮನೆ. ಚಳಿಗಾಲದಲ್ಲಿ ಅರಿಜೋನಾದ ಯೂಮಾಕ್ಕೋ ಟೆಕ್ಸಾಸಿನ ರಿಯೊ ಗ್ರಾಂಡೆ ಕಣಿವೆಗೋ ಹೋಗುವ ಅಲ್ಲಿನ ನಿವೃತ್ತರು ತಿಂಗಳುಗಟ್ಟಲೆ ಒಂದೇ ಕಡೆ ಬೀಡುಬಿಡುತ್ತಾರೆ. ಅದಕ್ಕೆ ಕಾರಣವೂ ಇದೆ. ಇಂಧನದ ಖರ್ಚು ಇಳಿಯುತ್ತದೆ, ಕ್ಯಾಂಪ್‌ಗ್ರೌಂಡಿನ ತಿಂಗಳ ಬಾಡಿಗೆ ದಿನದ ಬಾಡಿಗೆಗಿಂತ ಅಗ್ಗವಾಗುತ್ತದೆ, ನೀರು ಮತ್ತು ಒಳಚರಂಡಿಯ ಸಂಪರ್ಕ ಸಿಗುತ್ತದೆ. ನೀರಿನ ಲೆಕ್ಕವನ್ನೇ ನೋಡಿ. ಇಂಥ ಮನೆಗಳ ಶುದ್ಧ ನೀರಿನ ತೊಟ್ಟಿ ಅರವತ್ತು ಗ್ಯಾಲನ್ ಇದ್ದರೆ ಅದು ಸುಮಾರು 227 ಲೀಟರ್. ನಮ್ಮ ಜಲಜೀವನ್ ಮಿಷನ್ ಹಳ್ಳಿಯ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕೆನ್ನುತ್ತದೆ. ಆ ಅಳತೆಯಲ್ಲಿ ಗಂಡ ಹೆಂಡತಿ ಇಬ್ಬರಿಗೆ ತೊಟ್ಟಿ ಎರಡೇ ದಿನ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ನೀರು ಕಾಣದ ಸೀಮೆಯಿಂದ ಹೋದವರಿಗೆ ನೀರು ಹಿಡಿತದಲ್ಲಿ ಬಳಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಎಷ್ಟೇ ಹಿಡಿತವಿದ್ದರೂ ನಾಲ್ಕು ದಿನವಾದೀತು, ಅಷ್ಟರಲ್ಲಿ ಕೊಳೆನೀರಿನ ತೊಟ್ಟಿ ತುಂಬಿರುತ್ತದೆ. ಹೀಗೆ ಪೂರ್ಣಾವಧಿಯವರು ಕೊನೆಗೆ ಕೊಳಾಯಿ, ಕರೆಂಟು, ಚರಂಡಿ ಇರುವ ಜಾಗದಲ್ಲೇ ನಿಲ್ಲುತ್ತಾರೆ. ನಿಂತ ಮನೆಗೆ ಎಂಜಿನ್ ಏನು ಸಹಾಯ ಮಾಡುತ್ತದೆ? ಜಾಗ ತಿನ್ನುತ್ತದೆ, ವಿಮೆ ಕೇಳುತ್ತದೆ, ನಿಂತಲ್ಲೇ ಹಳತಾಗುತ್ತದೆ.

ಮನೆ ನಿಂತಿದ್ದರೂ ಮನೆಯವರು ಓಡಾಡಬೇಕು. ಔಷಧಿ ಅಂಗಡಿ, ಆಸ್ಪತ್ರೆ, ತರಕಾರಿ, ಭಾರತೀಯ ದಿನಸಿ, ಶನಿವಾರದ ದೇವಸ್ಥಾನ. ದೊಡ್ಡ ಮೋಟಾರ್‌ಹೋಮಿನವರು ಇದಕ್ಕಾಗಿ ಹಿಂದೆ ಒಂದು ಸಣ್ಣ ಕಾರನ್ನೋ ಜೀಪನ್ನೋ ಕಟ್ಟಿಕೊಂಡೇ ತಿರುಗುತ್ತಾರೆ. ಅಲ್ಲಿಗೆ ಎಂಜಿನ್ ಎರಡಾಯಿತು, ವಿಮೆ ಎರಡಾಯಿತು, ಎಳೆಯುವ ಕಷ್ಟವೂ ಬಂತು. ಕಾರಿಲ್ಲದಿದ್ದರೆ ಒಂದು ಸೇರು ಅಕ್ಕಿ ತರಲು ಚರಂಡಿ ಪೈಪು ಬಿಚ್ಚಿ, ಕರೆಂಟಿನ ಕೇಬಲ್ ಸುತ್ತಿ, ಹೊರಕ್ಕೆ ಚಾಚಿದ ಕೋಣೆಗಳನ್ನು ಒಳಕ್ಕೆ ಎಳೆದು, ಮನೆಯನ್ನೇ ಓಡಿಸಿಕೊಂಡು ಹೋಗಬೇಕು. ಫಿಫ್ತ್ ವೀಲಿನವರಿಗೆ ಎಳೆಯುವ ಟ್ರಕ್ಕೇ ಕಾರು. ಮನೆ ನಿಲ್ಲಿಸಿ ಬಿಚ್ಚಿದರೆ ಸಾಕು, ದಿನದ ಓಡಾಟಕ್ಕೆ ವಾಹನ ಸಿದ್ಧ. ಆ ಟ್ರಕ್ಕು ದೊಡ್ಡದು, ಪೇಟೆಯ ಪಾರ್ಕಿಂಗಿನಲ್ಲಿ ಸುಲಭಕ್ಕೆ ಹಿಡಿಸುವುದಿಲ್ಲ, ಡೀಸೆಲ್ ಕುಡಿಯುತ್ತದೆ. ಒಪ್ಪೋಣ. ಆದರೂ ಒಂದೇ ಎಂಜಿನ್ನಿನಲ್ಲಿ ಎರಡೂ ಕೆಲಸ ಮುಗಿಯುತ್ತದೆ.

ಇನ್ನು ಕೆಡುವ ಮಾತಿಗೆ ಬರೋಣ. ಓಡುವ ಯಂತ್ರ ಎಂದಾದರೂ ಕೆಡುತ್ತದೆ. ಮೋಟಾರ್‌ಹೋಮಿನ ಗೇರ್‌ಬಾಕ್ಸ್ ಕೈಕೊಟ್ಟರೆ ಗ್ಯಾರೇಜಿಗೆ ಹೋಗುವುದು ನಿಮ್ಮ ಮನೆ. ಬಿಡಿಭಾಗ ಬರುವವರೆಗೆ ವಾರಗಳೇ ಹಿಡಿಯಬಹುದು. ಅಲ್ಲಿಯತನಕ ನಿಮ್ಮ ಹಾಸಿಗೆ, ಅಡುಗೆಮನೆ, ಫ್ರಿಜ್ಜಿನಲ್ಲಿಟ್ಟ ಇನ್ಸುಲಿನ್, ಅಲಮಾರಿನ ಕಾಗದಪತ್ರ ಎಲ್ಲವೂ ಗ್ಯಾರೇಜಿನ ಅಂಗಳದಲ್ಲಿ, ನೀವು ಹೋಟೆಲಿನಲ್ಲಿ. ಹಲವು ಗ್ಯಾರೇಜುಗಳು ರಾತ್ರಿ ಒಳಗೆ ಮಲಗಲು ಬಿಡುವುದಿಲ್ಲ. ಟ್ರಕ್ಕು ಕೆಟ್ಟರೆ ಟ್ರಕ್ಕಷ್ಟೇ ಗ್ಯಾರೇಜಿಗೆ ಹೋಗುತ್ತದೆ, ಅದೂ ಪ್ರತಿ ಪಟ್ಟಣದಲ್ಲೂ ಇರುವ ಫೋರ್ಡ್, ರ‍್ಯಾಮ್, ಶೆವ್ರೊಲೆ ಡೀಲರ್ ಬಳಿಗೆ. ಮನೆ ನಿಂತಲ್ಲೇ ನಿಂತಿರುತ್ತದೆ, ರಾತ್ರಿ ನಿಮ್ಮ ಹಾಸಿಗೆಯಲ್ಲೇ ಮಲಗುತ್ತೀರಿ. ವಯಸ್ಸಿನ ವಿಷಯದಲ್ಲೂ ಹೀಗೆಯೇ. ಎಂಜಿನ್ ಮೈಲಿಯ ಲೆಕ್ಕದಲ್ಲಿ ಹಳತಾಗುತ್ತದೆ. ಛಾವಣಿಯ ರಬ್ಬರು, ಕಿಟಕಿಯ ಸೀಲು, ಗೋಡೆಯೊಳಗಿನ ಮರ ಬಿಸಿಲು ಮಳೆಯ ಲೆಕ್ಕದಲ್ಲಿ ಹಳತಾಗುತ್ತವೆ. ಬೇರೆ ಬೇರೆ ಆಯುಷ್ಯದ ಎರಡು ವಸ್ತುಗಳನ್ನು ಒಂದಕ್ಕೊಂದು ಬೆಸೆದರೆ ಒಂದು ಕೆಟ್ಟಾಗ ಚೆನ್ನಾಗಿರುವ ಇನ್ನೊಂದನ್ನೂ ಮಾರಬೇಕಾಗುತ್ತದೆ. ಬೇರೆ ಇಟ್ಟರೆ ಟ್ರಕ್ಕು ಸವೆದಾಗ ಟ್ರಕ್ಕನ್ನು ಬದಲಿಸಿ, ಛಾವಣಿ ಸೋರಿದಾಗ ಮನೆಯನ್ನು ಬದಲಿಸಬಹುದು.

ನಿಮ್ಮ ವಿಷಯದಲ್ಲಿ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅಲ್ಲಿನ ಬಿಳಿಯ ನಿವೃತ್ತ ದಂಪತಿ ಮನೆ ಮಾರಿದರೆ ಹನ್ನೆರಡು ತಿಂಗಳೂ ಆ ಗಾಡಿಯಲ್ಲೇ ಇರುತ್ತಾರೆ. ನೀವು ಇರುವುದಿಲ್ಲ. ಸಂಕ್ರಾಂತಿಗೆ ಬಂದು ಯುಗಾದಿ ಮುಗಿಸಿ ಹೋಗುತ್ತೀರಿ. ತಂದೆ ತಾಯಿಯ ಆರೋಗ್ಯ, ಮದುವೆ, ಪಾಲುಪಾರಿಕತ್ತು, ಊರ ಜಾತ್ರೆ ಎಂದು ಒಂದೆರಡು ತಿಂಗಳು ಹೆಚ್ಚೇ ಆಗುತ್ತದೆ. ಆ ನಾಲ್ಕೈದು ತಿಂಗಳು ಗಾಡಿ ಎಲ್ಲೋ ಬಾಡಿಗೆ ಅಂಗಳದಲ್ಲಿ ಒಂಟಿಯಾಗಿ ನಿಲ್ಲುತ್ತದೆ. ನಿಂತ ಮೋಟಾರ್‌ಹೋಮ್ ಸುಮ್ಮನಿರುವುದಿಲ್ಲ. ಸ್ಟಾರ್ಟರ್ ಬ್ಯಾಟರಿ ಇಳಿಯುತ್ತದೆ, ಪೆಟ್ರೋಲ್ ಹಳಸುತ್ತದೆ, ಇಲಿಗಳು ಎಂಜಿನ್ನಿನ ವೈರು ಕಡಿಯುತ್ತವೆ. ಒಳಗಿನ ಜನರೇಟರನ್ನು ತಿಂಗಳಿಗೊಮ್ಮೆಯಾದರೂ ಲೋಡ್ ಕೊಟ್ಟು ಓಡಿಸಬೇಕೆಂದು ತಯಾರಕರೇ ಹೇಳುತ್ತಾರೆ. ನೀವು ಸಾದಲಿಯಲ್ಲಿದ್ದರೆ ಅದನ್ನು ಓಡಿಸುವವರು ಯಾರು? ಫಿಫ್ತ್ ವೀಲಿಗೂ ಆರೈಕೆ ಬೇಕು. ಪೈಪಿನ ನೀರು ಹೆಪ್ಪುಗಟ್ಟದಂತೆ ಖಾಲಿ ಮಾಡಬೇಕು, ಛಾವಣಿ ನೋಡಬೇಕು, ಟೈರಿಗೆ ಹೊದಿಕೆ ಹಾಕಬೇಕು. ಆದರೆ ಕೆಡುವ ಎಂಜಿನ್ ಅದರಲ್ಲಿಲ್ಲ. ಟ್ರಕ್ಕನ್ನು ಮಗಳ ಮನೆಯ ಮುಂದೆ ಬಿಟ್ಟು ಬಂದರೆ ವಾರಕ್ಕೊಮ್ಮೆ ಅವಳೇ ಓಡಿಸುತ್ತಾಳೆ. ಒಂದು ವರ್ಷ ಪೂರ್ತಿ ಊರಿನಲ್ಲೇ ಇರಬೇಕಾಗಿ ಬಂದರೆ ಟ್ರಕ್ಕನ್ನು ಮಾರಿ, ಮನೆಯನ್ನು ಉಳಿಸಿಕೊಳ್ಳಬಹುದು. ಪಿಕಪ್ ಟ್ರಕ್ಕಿಗೆ ಅಮೆರಿಕದ ಯಾವ ಮೂಲೆಯಲ್ಲೂ ಗಿರಾಕಿ ಇದ್ದಾರೆ. ಮೋಟಾರ್‌ಹೋಮಿನಲ್ಲಿ ಹಾಗೆ ಅರ್ಧ ಮಾರಿ ಅರ್ಧ ಉಳಿಸಿಕೊಳ್ಳುವ ದಾರಿಯೇ ಇಲ್ಲ. ಎರಡು ದೇಶಗಳಲ್ಲಿ ಕಾಲಿಟ್ಟು ಬದುಕುವವರಿಗೆ ಇದೊಂದೇ ಕಾರಣ ಸಾಕೆನಿಸುತ್ತದೆ.

ಈ ಅನುಕೂಲಕ್ಕೆ ಬೆಲೆಯೂ ಇದೆ. ಆ ಬೆಲೆಯ ಹೆಸರು ತೂಕ, ಹಲವರು ಎಡವುವುದೂ ಅಲ್ಲೇ. ಟ್ರೇಲರಿನ ಒಟ್ಟು ತೂಕದ ಸುಮಾರು ಶೇಕಡ 20ರಿಂದ 25 ಭಾಗ ಕಿಂಗ್‌ಪಿನ್ ಮೂಲಕ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತದೆ. ಸಾಮಾನು ತುಂಬಿದ ಟ್ರೇಲರ್ 14,000 ಪೌಂಡ್, ಅಂದರೆ ಸುಮಾರು 6,350 ಕಿಲೋ ಇದೆ ಎಂದುಕೊಳ್ಳಿ. ಅದರ ಶೇಕಡ 22 ಎಂದರೆ 3,080 ಪೌಂಡ್, ಸುಮಾರು 1,400 ಕಿಲೋ. ಇದರ ಮೇಲೆ ಹಿಚ್ಚಿನ ತೂಕ, ನೀವಿಬ್ಬರು, ಸಲಕರಣೆ ಪೆಟ್ಟಿಗೆ ಸೇರಿದರೆ 3,500 ಪೌಂಡ್ ದಾಟುತ್ತದೆ. ಈಗ ಟ್ರಕ್ಕಿನ ಚಾಲಕನ ಬಾಗಿಲು ತೆಗೆದು, ಬಾಗಿಲ ಕಂಬಕ್ಕೆ ಅಂಟಿಸಿರುವ ಹಳದಿ ಬಿಳಿ ಚೀಟಿ ಓದಿ. ಜನರೂ ಸಾಮಾನೂ ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅಲ್ಲಿ ಬರೆದಿರುತ್ತದೆ. ಮುಕ್ಕಾಲು ಟನ್ ವರ್ಗದ ಡೀಸೆಲ್ ಟ್ರಕ್ಕುಗಳಲ್ಲಿ ಆ ಸಂಖ್ಯೆ ಎಷ್ಟೋ ಸಲ 2,500ರ ಕೆಳಗೇ ಇರುತ್ತದೆ. ಎಳೆಯುವ ಬಲ ಬೇಕಾದಷ್ಟಿದೆ ಎಂದು ಮಾರುವವನು ಹೇಳುವುದು ಸುಳ್ಳಲ್ಲ. ಹೊರುವ ಬಲ ಬೇರೆ ಎಂಬುದನ್ನು ಅವನು ಹೇಳುವುದಿಲ್ಲ, ಅಷ್ಟೇ. ಆದ್ದರಿಂದ ಮೊದಲು ಮನೆ ಆರಿಸಿ, ಅದರ ಗರಿಷ್ಠ ತೂಕ ಬರೆದುಕೊಂಡು, ಆಮೇಲೆ ಅದನ್ನು ಹೊರುವ ಒಂದು ಟನ್ ವರ್ಗದ ಟ್ರಕ್ಕು ಹುಡುಕಬೇಕು. ದೊಡ್ಡ ಮನೆಯಾದರೆ ಹಿಂದೆ ಜೋಡಿ ಚಕ್ರ ಇರಲೇಬೇಕು. ಗ್ರೈಂಡರು, ಕುಕ್ಕರು, ರಾಗಿಹಿಟ್ಟಿನ ಚೀಲ, ಪುಸ್ತಕದ ಪೆಟ್ಟಿಗೆ ಎಲ್ಲಕ್ಕೂ ತೂಕವಿದೆ. ತುಂಬಿದ ಮೇಲೆ ಹೆದ್ದಾರಿ ಬದಿಯ ಲಾರಿ ತೂಕದ ಕಟ್ಟೆಗೆ ಹೋಗಿ ಆಕ್ಸಲ್ ಆಕ್ಸಲ್ಲಿಗೂ ತೂಗಿಸಿ. ಟೈರಿನ ಪಕ್ಕದಲ್ಲಿ ಅಚ್ಚಾದ, DOT ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಯನ್ನೂ ಓದಿ: 2319 ಎಂದಿದ್ದರೆ ಆ ಟೈರು 2019ರ 23ನೇ ವಾರದ್ದು. ಇಂಥ ಮನೆಗಳ ಟೈರು ಸವೆಯುವ ಮುಂಚೆ ವಯಸ್ಸಾಗಿಯೇ ಒಡೆಯುತ್ತದೆ.

ಈ ಆಯ್ಕೆಗೆ ಬರುವ ಆಕ್ಷೇಪಗಳನ್ನೂ ನೋಡೋಣ. ಮೊದಲ ಆಕ್ಷೇಪ ವಯಸ್ಸಿನದು. ಅರವತ್ತೈದರ ಮೇಲೆ ನಲವತ್ತು ಅಡಿಯ ಟ್ರೇಲರನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸುವುದು, ಜೋಡಿಸುವುದು, ಬಿಚ್ಚುವುದು ಆಗುವ ಮಾತೇ ಎಂದು ಕೇಳುವವರಿದ್ದಾರೆ. ಕಷ್ಟ ನಿಜ, ಆದರೆ ಅದು ಕಲಿಯುವ ಕಷ್ಟ. ಟ್ರಕ್ಕನ್ನು ನಿಧಾನ ಹಿಂದಕ್ಕೆ ತಂದು ಕಿಂಗ್‌ಪಿನ್ ಹಿಚ್ಚಿನ ದವಡೆಯೊಳಗೆ ಕೂರಿಸಬೇಕು. ದವಡೆ ಮುಚ್ಚಿತೆಂದು ಟಾರ್ಚ್ ಹಾಕಿ ಕಣ್ಣಾರೆ ನೋಡಬೇಕು. ಬ್ರೇಕಿನ ಕೇಬಲ್ಲು, ತುರ್ತು ಬ್ರೇಕಿನ ತಂತಿ ಸಿಕ್ಕಿಸಬೇಕು. ಟ್ರೇಲರಿನ ಮೂತಿಯನ್ನು ಹೊತ್ತು ನಿಂತ ಕಾಲುಗಳನ್ನು ಪೂರ್ತಿ ಎತ್ತುವ ಮುಂಚೆ ಅದರ ಬ್ರೇಕ್ ಹಿಡಿದು ಟ್ರಕ್ಕನ್ನು ಮೆಲ್ಲನೆ ಮುಂದಕ್ಕೆ ಜಗ್ಗಿ ನೋಡಬೇಕು. ಕೂತಿಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ, ಹೆದ್ದಾರಿಯಲ್ಲಲ್ಲ. ಬರೆದಿಟ್ಟ ಪಟ್ಟಿ ನೋಡಿಕೊಂಡು ಪ್ರತಿ ಸಲ ಅದೇ ಕ್ರಮದಲ್ಲಿ ಮಾಡಿದರೆ ಇದು ರೂಢಿಯಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಕಲಿಯಲೇಬೇಕು. ಒಬ್ಬರಿಗೆ ಹುಷಾರು ತಪ್ಪಿದರೆ ಇನ್ನೊಬ್ಬರು ಮನೆಯನ್ನು ಊರು ಮುಟ್ಟಿಸಬೇಕಲ್ಲ. ಮೋಟಾರ್‌ಹೋಮಿಗೂ ಈ ಮಾತು ಅನ್ವಯಿಸುತ್ತದೆ. ಮೊಣಕಾಲಿನ ಆಕ್ಷೇಪ ಮಾತ್ರ ಇದಕ್ಕಿಂತ ಗಟ್ಟಿ. ಫಿಫ್ತ್ ವೀಲಿನ ಮಲಗುವ ಕೋಣೆ ಸಾಮಾನ್ಯವಾಗಿ ಟ್ರಕ್ಕಿನ ಮೇಲೆ ಚಾಚುವ ಎತ್ತರದ ಭಾಗದಲ್ಲಿರುತ್ತದೆ, ಒಳಗೇ ಎರಡು ಮೂರು ಮೆಟ್ಟಿಲು ಹತ್ತಬೇಕು. ರಾತ್ರಿ ಎದ್ದು ಓಡಾಡುವಾಗ ಮೆಟ್ಟಿಲು ಆಗದು ಎನ್ನುವವರಿಗೆ ಮಟ್ಟಸ ನೆಲದ ಬೇರೆ ಟ್ರೇಲರುಗಳಿವೆ. ಅವುಗಳಲ್ಲೂ ಎಂಜಿನ್ ಬೇರೆಯೇ.

ಎರಡನೆಯ ಆಕ್ಷೇಪ ದಾರಿಯ ಅನುಕೂಲದ್ದು. ಮೋಟಾರ್‌ಹೋಮಿನಲ್ಲಿ ಮಳೆ ಹಿಮ ಏನೇ ಬೀಳಲಿ, ಬದಿಗೆ ನಿಲ್ಲಿಸಿ ಹೊರಗೆ ಕಾಲಿಡದೆ ಶೌಚಾಲಯಕ್ಕೆ ಹೋಗಬಹುದು. ರಾತ್ರಿ ನಿಂತ ಜಾಗ ಸರಿಯಿಲ್ಲ ಎನಿಸಿದರೆ ಬಾಗಿಲು ತೆಗೆಯದೆ ಕೀಲಿ ತಿರುಗಿಸಿ ಹೊರಡಬಹುದು. ಒಂಟಿಯಾಗಿ ತಿರುಗುವ ಹೆಂಗಸರಿಗೆ ಇದು ಸಣ್ಣ ಮಾತಲ್ಲ; ಅವರಿಗೆ ನಾನು ಫಿಫ್ತ್ ವೀಲನ್ನು ಒತ್ತಾಯಿಸುವುದಿಲ್ಲ. ಆದರೆ ಓಡುವಾಗ ಹಿಂದೆ ಎದ್ದು ಓಡಾಡಬಹುದು, ಚಹ ಕಾಸಬಹುದು ಎಂಬ ಆಸೆಯಿಂದ ಮೋಟಾರ್‌ಹೋಮ್ ಕೊಳ್ಳಬೇಡಿ. ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ ಬೆಲ್ಟ್ ಬಿಚ್ಚಿ ನಿಂತವರನ್ನು ಒಂದು ಜೋರು ಬ್ರೇಕ್ ಎತ್ತಿ ಒಗೆಯುತ್ತದೆ. ಫಿಫ್ತ್ ವೀಲಿನೊಳಗೆ ಪ್ರಯಾಣ ಮಾಡುವುದನ್ನು ಹಲವು ರಾಜ್ಯಗಳು ಒಪ್ಪುವುದಿಲ್ಲ, ಕೆಲವು ಷರತ್ತಿನ ಮೇಲೆ ಬಿಡುತ್ತವೆ. ಎಲ್ಲರೂ ಟ್ರಕ್ಕಿನಲ್ಲೇ ಬೆಲ್ಟ್ ಕಟ್ಟಿ ಕೂರುವುದೇ ಕ್ಷೇಮ. ಊರಿನಿಂದ ಬಂದ ತಾಯಿಗೆ ಎರಡು ತಾಸಿಗೊಮ್ಮೆ ಇಳಿಯಬೇಕೆಂದರೆ ಎರಡು ತಾಸಿಗೊಮ್ಮೆ ನಿಲ್ಲಿಸಿ; ನಿವೃತ್ತರಿಗೆ ಇರುವ ಅವಸರವಾದರೂ ಏನು?

ಮೂರನೆಯ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ: ಎರಡು ದಿನಕ್ಕೊಂದು ಊರು ಬದಲಿಸುವವರಿಗೆ ಮೋಟಾರ್‌ಹೋಮೇ ಸರಿ. ಪ್ರತಿ ಸಂಜೆ ಬಿಚ್ಚಿ, ಪ್ರತಿ ಬೆಳಿಗ್ಗೆ ಜೋಡಿಸುವ ಬದುಕು ಬಹಳ ದಿನ ನಡೆಯುವುದಿಲ್ಲ. ರಾಷ್ಟ್ರೀಯ ಉದ್ಯಾನಗಳ ಹಳೆಯ ಕ್ಯಾಂಪ್‌ಗ್ರೌಂಡುಗಳು ಸಣ್ಣ ಗಾಡಿಗಳ ಕಾಲದವು. ಯೊಸೆಮಿಟಿ ಕಣಿವೆಯಲ್ಲಿ ದೊಡ್ಡ ಗಾಡಿಗೆ ಜಾಗವಿರುವ ಕಡೆಯೂ ಮೋಟಾರ್‌ಹೋಮಿಗೆ 40 ಅಡಿ, ಟ್ರೇಲರಿಗೆ 35 ಅಡಿ ಮಿತಿ. ವರ್ಷವೊಂದರಲ್ಲಿ ಎಲ್ಲ ಉದ್ಯಾನಗಳನ್ನೂ ಸುತ್ತಿಬರುವ ಮನಸ್ಸಿದ್ದರೆ ಕ್ಲಾಸ್ ಬಿ ವ್ಯಾನೋ ಕ್ಲಾಸ್ ಸಿಯೋ ಬಾಡಿಗೆಗೆ ಹಿಡಿದು ಸುತ್ತಿಬನ್ನಿ, ಆಮೇಲೆ ಮರಳಿಸಿ. ಅದು ಪ್ರವಾಸ. ನೀವು ಕೇಳುತ್ತಿರುವುದು ಹತ್ತು ವರ್ಷದ ಬಿಡಾರದ ಪ್ರಶ್ನೆ, ಅದಕ್ಕೆ ಪ್ರವಾಸದ ಉತ್ತರ ಹೊಂದುವುದಿಲ್ಲ. ಹೊಸ ಟ್ರಕ್ಕೂ ಹೊಸ ಟ್ರೇಲರೂ ಸೇರಿದರೆ ಬೆಲೆ ಮೋಟಾರ್‌ಹೋಮಿಗೇನೂ ಕಡಿಮೆಯಾಗದು ಎನ್ನುವವರಿಗೂ ಉತ್ತರವಿದೆ. ಟ್ರಕ್ಕು, ಟ್ರೇಲರು ಎರಡನ್ನೂ ಬೇರೆ ಬೇರೆಯಾಗಿ, ಬೇರೆ ಬೇರೆ ವರ್ಷ, ಒಂದು ಹೊಸದು ಒಂದು ಹಳೆಯದು ಎಂದು ಕೊಳ್ಳುವ ಸ್ವಾತಂತ್ರ್ಯವಿದೆ. ಬೆಸೆದ ಗಾಡಿಯಲ್ಲಿ ಅದಿಲ್ಲ.

ಯಾವುದನ್ನು ಕೊಂಡರೂ ಕಾಗದಪತ್ರದ ಕೆಲವು ವಿಷಯ ಮೊದಲೇ ಸರಿಮಾಡಿಕೊಳ್ಳಿ. ಮನೆ ಮಾರಿದ ದಿನವೇ ನಿಮ್ಮ ವಿಳಾಸ ಹೋಗುತ್ತದೆ. ಚಾಲನಾ ಪರವಾನಗಿ, ಮತದಾನ, ಬ್ಯಾಂಕು, ವಿಮೆ ಎಲ್ಲವೂ ವಿಳಾಸ ಕೇಳುತ್ತವೆ. ಅಲ್ಲಿನ ಪೂರ್ಣಾವಧಿಯವರು ರಾಜ್ಯದ ಆದಾಯ ತೆರಿಗೆ ಇಲ್ಲದ ಟೆಕ್ಸಾಸ್, ಫ್ಲಾರಿಡ, ಸೌತ್ ಡಕೋಟಗಳಲ್ಲಿ ವಿಳಾಸ ಇಟ್ಟುಕೊಳ್ಳುವುದು ವಾಡಿಕೆ. ಜೋ ಮತ್ತು ಕೇ ಪೀಟರ್‌ಸನ್ ದಂಪತಿ 1978ರಲ್ಲಿ ಹುಟ್ಟುಹಾಕಿದ, ಚಕ್ರದ ಮನೆಯವರ ಎಸ್ಕೇಪೀಸ್ ಕೂಟ ಟೆಕ್ಸಾಸಿನ ಲಿವಿಂಗ್‌ಸ್ಟನ್‌ನಲ್ಲಿ ಸದಸ್ಯರ ಅಂಚೆ ಪಡೆದು ಕಳಿಸುವ ವ್ಯವಸ್ಥೆ ನಡೆಸುತ್ತದೆ. ಕ್ಯಾಲಿಫೋರ್ನಿಯಾದ ಪರವಾನಗಿ ಇಟ್ಟುಕೊಳ್ಳುವವರು ನೆನಪಿಡಿ: 15,000 ಪೌಂಡ್ ಮೀರಿದ ಫಿಫ್ತ್ ವೀಲಿಗೂ 40 ಅಡಿ ಮೀರಿದ ಮೋಟಾರ್‌ಹೋಮಿಗೂ ಸಾಮಾನ್ಯ ಪರವಾನಗಿ ಸಾಲದು. ಕೆಲವು ತಯಾರಕರ ವಾರಂಟಿ ಪೂರ್ಣಾವಧಿ ವಾಸಕ್ಕೆ ಅನ್ವಯಿಸುವುದೇ ಇಲ್ಲ. ಸಹಿ ಹಾಕುವ ಮುಂಚೆ ಆ ಷರತ್ತನ್ನು ಓದಿ. ವಿಮೆಯಲ್ಲೂ ಪೂರ್ಣಾವಧಿ ವಾಸದ ಪಾಲಿಸಿಯನ್ನೇ ಕೇಳಿ ಪಡೆಯಿರಿ. ಹಸಿರು ಕಾರ್ಡಿನವರು ಆರು ತಿಂಗಳು ಮೀರಿ ಊರಿನಲ್ಲಿ ಉಳಿದರೆ ಮರಳುವಾಗ ಪ್ರಶ್ನೆ ಎದುರಿಸಬೇಕಾದೀತು. ಅಲ್ಲಿ ಸ್ವಂತ ಮನೆಯಿಲ್ಲದವರು ತಾವು ಆ ದೇಶದ ನಿವಾಸಿಗಳೇ ಎಂದು ತೋರಿಸುವುದು ಇನ್ನೂ ಕಷ್ಟ.

ಇದೇ ಬದುಕನ್ನು ಕರ್ನಾಟಕದಲ್ಲೇ ಮಾಡಿದರೆ ಹೇಗೆ ಎಂದು ಕೇಳುವವರೂ ಇದ್ದೀರಿ. ಇಲ್ಲಿ ಫಿಫ್ತ್ ವೀಲ್ ಮಾತು ಬಿಡಿ. ಅಲ್ಲಿಂದ ಗಾಡಿ ತರೋಣವೆಂದರೆ ನಮ್ಮ ಆಮದು ನಿಯಮ ಬಲಗೈ ಸ್ಟೀರಿಂಗ್ ಕೇಳುತ್ತದೆ; ಟ್ರೇಲರನ್ನು ಎಳೆಯಲು ಅಂಥ ಪಿಕಪ್ಪುಗಳೂ ಇಲ್ಲಿ ಸಿಗುವುದಿಲ್ಲ. ಹದಿಮೂರೂವರೆ ಅಡಿ ಎತ್ತರದ, ಎಂಟೂವರೆ ಅಡಿ ಅಗಲದ ಮನೆಯನ್ನು ನಮ್ಮ ಹಳ್ಳಿಗಳ ಒಳರಸ್ತೆಯಲ್ಲಿ, ತೂಗಾಡುವ ಕರೆಂಟು ತಂತಿಯ ಕೆಳಗೆ ಒಯ್ಯುವುದು ಅಪಾಯ. ಮಲದ ತೊಟ್ಟಿ ಖಾಲಿ ಮಾಡುವ ತಾಣಗಳ ಜಾಲವೂ ಇಲ್ಲಿಲ್ಲ. ಹಾಗಾದರೆ ಮೋಟಾರ್‌ಹೋಮ್? ಕೇರಳ 2021ರಲ್ಲಿ ಕ್ಯಾರವಾನ್ ನೀತಿ ತಂದಿತು, ಆಮೇಲೆ ವಾಗಮಣ್‌ನಲ್ಲಿ ಕ್ಯಾರವಾನ್ ಪಾರ್ಕ್ ಶುರುವಾಯಿತು, ಬೆಂಗಳೂರಿನಲ್ಲೂ ಬಾಡಿಗೆಗೆ ಕ್ಯಾರವಾನ್ ಸಿಗುತ್ತವೆ. ಆದರೆ ಹಳೆಯ ಟೆಂಪೋ ಟ್ರಾವೆಲರ್ ಕೊಂಡು ಗ್ಯಾರೇಜಿನಲ್ಲಿ ಮನೆ ಮಾಡಿಸುವ ಯೋಚನೆ ಇದ್ದರೆ ಹುಷಾರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿಯಲ್ಲಿರುವ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಮೋಟಾರ್ ಕ್ಯಾರವಾನುಗಳಿಗೆಂದೇ ಎಐಎಸ್ 124 ಎಂಬ ಮಾನದಂಡವಿದೆ, ಅದರಂತೆ ಅನುಮೋದನೆ ಪಡೆದ ಗಾಡಿಯನ್ನೇ ಕೊಳ್ಳಬೇಕು. ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದರೆ ಅಲ್ಲಿ ಮರುನೋಂದಣಿ ಆಗಬೇಕು.

ಇಲ್ಲಿಯೂ ನನ್ನ ವಾದ ಬದಲಾಗುವುದಿಲ್ಲ, ಅದರ ರೂಪ ಬದಲಾಗುತ್ತದೆ. ಮನೆ ಬೇರೆ, ಎಂಜಿನ್ ಬೇರೆ ಎಂಬ ನಿಯಮವನ್ನು ಇಲ್ಲಿ ಪಾಲಿಸುವ ಬಗೆ ಎಂದರೆ ಮನೆಯನ್ನು ನೆಲದ ಮೇಲೇ ಇಟ್ಟುಕೊಂಡು, ಸುತ್ತಾಟಕ್ಕೆ ಸಣ್ಣ ವಾಹನ ಇಟ್ಟುಕೊಳ್ಳುವುದು. ಸಾದಲಿಯ ಪಿತ್ರಾರ್ಜಿತ ಮನೆ, ಒಂದೆರಡು ಎಕರೆ ಜಮೀನು ನಿಮ್ಮ ಪಾಲಿಗಿದ್ದರೆ ಅದನ್ನು ಮಾರುವ ಅವಸರ ಬೇಡ. ಹೊರದೇಶದ ಪೌರತ್ವ ಪಡೆದವರು ಇಲ್ಲಿ ಕೃಷಿ ಭೂಮಿಯನ್ನು ಖರೀದಿಸಲು ವಿದೇಶಿ ವಿನಿಮಯದ ನಿಯಮಗಳು ಬಿಡುವುದಿಲ್ಲ, ಅನಿವಾಸಿ ಭಾರತೀಯರಿಗೂ ಇದೇ ಅನ್ವಯ. ಪಿತ್ರಾರ್ಜಿತವಾಗಿ ಪಡೆಯಲು ಮಾತ್ರ ಅಡ್ಡಿಯಿಲ್ಲ. ಅಂದರೆ ಇಂದು ಕೈಬಿಟ್ಟ ಹೊಲವನ್ನು ನಾಳೆ ದುಡ್ಡು ಕೊಟ್ಟು ಮರಳಿ ಪಡೆಯುವುದು ಸಾಧ್ಯವಾಗದಿರಬಹುದು. ಅಮೆರಿಕದ ಮನೆ ಮಾರಿ ಚಕ್ರದ ಮನೆ ಕೊಳ್ಳುವ ನಿರ್ಧಾರವನ್ನು ಇನ್ನೊಂದು ನಿರ್ಧಾರದಿಂದ ತಿದ್ದಿಕೊಳ್ಳಬಹುದು, ಊರಿನ ನೆಲ ಮಾರಿದ್ದನ್ನು ಹಾಗೆ ತಿದ್ದಲಾಗದು.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮನೆ ಮಾರಾಟಕ್ಕೆ ಇಡುವ ಮುಂಚೆ ಒಂದು ತಿಂಗಳು ಫಿಫ್ತ್ ವೀಲಿನಲ್ಲಿ, ಒಂದು ತಿಂಗಳು ಮೋಟಾರ್‌ಹೋಮಿನಲ್ಲಿ ಬಾಡಿಗೆಗೆ ಬದುಕಿ ನೋಡಿ. ಕ್ಯಾಂಪ್‌ಗ್ರೌಂಡುಗಳಲ್ಲಿ ನಿಲ್ಲಿಸಿಯೇ ಬಾಡಿಗೆಗೆ ಕೊಡುವ ಟ್ರೇಲರುಗಳಿವೆ, ಅದಕ್ಕೆ ಟ್ರಕ್ಕು ಬೇಕಿಲ್ಲ. ಆ ಎರಡು ತಿಂಗಳು ಗಾಡಿ ಎಷ್ಟು ತಾಸು ಓಡಿತು, ಎಷ್ಟು ತಾಸು ನಿಂತಿತ್ತು ಎಂದು ದಿನವೂ ಬರೆದಿಡಿ. ಊರಿಗೆ ಬರುವ ತಿಂಗಳುಗಳನ್ನೂ ಆ ಲೆಕ್ಕಕ್ಕೆ ಸೇರಿಸಿ. ಗಂಡ ಹೆಂಡತಿ ಇಬ್ಬರೂ ಓಡಿಸಿ, ಇಬ್ಬರೂ ಹಿಂದಕ್ಕೆ ತಿರುಗಿಸಿ, ಇಬ್ಬರ ಮೊಣಕಾಲಿನ ಮಾತನ್ನೂ ಕೇಳಿ. ಓಡಿದ ತಾಸು ಹೆಚ್ಚಿದ್ದರೆ ನನ್ನ ಮಾತು ಬದಿಗಿಟ್ಟು ಮೋಟಾರ್‌ಹೋಮ್ ಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ನಿಂತ ತಾಸು ಹೆಚ್ಚಿದ್ದರೆ, ಬಹುಮಂದಿಯ ಲೆಕ್ಕ ಹಾಗೆಯೇ ಬರುತ್ತದೆಂದು ನನಗೆ ಖಾತ್ರಿಯಿದೆ, ನಿಲ್ಲಲು ಹೇಳಿಮಾಡಿಸಿದ ಮನೆಯನ್ನೂ ಓಡಲು ಹೇಳಿಮಾಡಿಸಿದ ಟ್ರಕ್ಕನ್ನೂ ಬೇರೆ ಬೇರೆಯಾಗಿ ಕೊಂಡು, ಅವುಗಳ ತೂಕ ತಾಳೆ ನೋಡಿ, ಆಮೇಲೆ ಹೊರಡಿ. ಮೂವತ್ತು ವರ್ಷ ದುಡಿದು ಕೂಡಿಸಿದ ಹಣ ಅದು. ಒಂದು ಗೇರ್‌ಬಾಕ್ಸ್ ಕೆಟ್ಟಿತೆಂದು ನೀವಿಬ್ಬರೂ ಬೀದಿಗೆ ಬೀಳುವಂತಾಗಬಾರದು.

ಇಂತಿ,
ನಿಮ್ಮ ಊರಿನ ಹಿತೈಷಿ